ಕುಮಟಾದಿಂದ ಕೊಂಡ ಒಂದು ವಾರ್ಷಿಕ ಪಾಸ್

ಬೆಂಗಳೂರಿನ ಹೊರವಲಯದ ಒಂದು ಥೀಮ್ ಪಾರ್ಕಿನ ವಾರ್ಷಿಕ ಪಾಸನ್ನು ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಮನೆಯ ನಾಲ್ವರಿಗೂ ಕೊಂಡಿದ್ದೆವು. ಅದರ ಅವಧಿ ಈಗ ಮುಗಿದಿದೆ. ನವೀಕರಿಸಿಕೊಂಡರೆ ರಿಯಾಯಿತಿ ಕೊಡುತ್ತೇವೆ ಎಂಬ ಸಂದೇಶ ವಾರಕ್ಕೆ ಎರಡು ಸಲವಾದರೂ ಫೋನಿಗೆ ಬರುತ್ತಿದೆ. ಉತ್ತರ ಕೊಡುವ ಮೊದಲು ವರ್ಷದ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೋ ಶಿರಸಿ, ಸಿದ್ದಾಪುರದ ಕಡೆಯೋ ಇದ್ದು ಇಂಥ ಪಾಸ್ ಕೊಳ್ಳಲು ಯೋಚಿಸುತ್ತಿರುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬಂದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ. ಪಾರ್ಕಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿಯ ಆಟಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಯಂತ್ರಗಳು ಸುಸ್ಥಿತಿಯಲ್ಲಿವೆ, ಶೌಚಾಲಯಗಳು ಸ್ವಚ್ಛವಾಗಿವೆ, ಜೀವರಕ್ಷಕರು ನಿಂತಲ್ಲಿಂದ ಕದಲುವುದಿಲ್ಲ. ನನ್ನ ವಿಮರ್ಶೆ ಇರುವುದು ಪಾಸಿನ ಬಗ್ಗೆ.

ಮೊದಲು ಬೆಲೆಯನ್ನು ಹೇಳಿಬಿಡುತ್ತೇನೆ. ನಾವು ಹೋದ ದಿನ ದೊಡ್ಡವರ ಒಂದು ದಿನದ ಟಿಕೆಟ್ 1,300 ರೂಪಾಯಿ, ಮಕ್ಕಳದ್ದು 1,100 ರೂಪಾಯಿ ಇತ್ತು. ಇಲ್ಲಿ ದೊಡ್ಡವರು, ಮಕ್ಕಳು ಎಂಬುದು ವಯಸ್ಸಿನಿಂದ ನಿರ್ಧಾರವಾಗುವುದಲ್ಲ, ಎತ್ತರದಿಂದ; ಬಾಗಿಲಲ್ಲೇ ಗೋಡೆಯ ಮೇಲೆ ಅಳತೆಪಟ್ಟಿ ಬರೆದಿದೆ. ಹದಿಮೂರರ ಮಗಳು ಆ ಪಟ್ಟಿಯ ಪ್ರಕಾರ ದೊಡ್ಡವಳು, ಅವಳ ತಮ್ಮ ಮಾತ್ರ ಚಿಕ್ಕವನು. ಹೀಗೆ ಒಂದು ದಿನಕ್ಕೆ ನಮ್ಮ ನಾಲ್ವರ ಪ್ರವೇಶಕ್ಕೆ 5,000 ರೂಪಾಯಿ. ವಾರ್ಷಿಕ ಪಾಸಾದರೆ ದೊಡ್ಡವರಿಗೆ ತಲಾ 3,700, ಚಿಕ್ಕವನಿಗೆ 2,900, ಒಟ್ಟು 14,000. ಕೌಂಟರಿನಲ್ಲಿದ್ದ ಹುಡುಗ ಬಹಳ ಸೌಜನ್ಯದಿಂದ, ಮೂರು ಸಲ ಬಂದರೆ ಹಣ ವಾಪಸ್ಸಾದಂತೆ, ನಾಲ್ಕನೆಯ ಸಲದಿಂದ ಎಲ್ಲವೂ ಉಚಿತ ಎಂದು ವಿವರಿಸಿದ. ನಾವು ಆ ದಿನದ ಟಿಕೆಟ್ಟನ್ನು ಆಗಲೇ ಕೊಂಡಾಗಿತ್ತು. ಅದರ ಹಣವನ್ನು ಪಾಸಿಗೆ ಹೊಂದಿಸಿಕೊಳ್ಳುತ್ತೇವೆ, ಆದರೆ ಈ ಸೌಲಭ್ಯ ಇವತ್ತು ಸಂಜೆಯವರೆಗೆ ಮಾತ್ರ ಎಂದೂ ಸೇರಿಸಿದ. ಮಕ್ಕಳಿಬ್ಬರೂ ಒದ್ದೆ ತಲೆಯಲ್ಲಿ ನಮ್ಮ ಮುಖ ನೋಡುತ್ತ ನಿಂತಿದ್ದಾಗ, ಇನ್ನೊಂಬತ್ತು ಸಾವಿರ ಕೊಟ್ಟರೆ ವರ್ಷವಿಡೀ ಬರಬಹುದು ಎಂಬ ಮಾತು ಬಹಳ ನ್ಯಾಯವಾಗಿಯೇ ಕೇಳಿಸುತ್ತದೆ. ಪಾಸನ್ನು ಮಾರುವ ಮೇಜು ಪಾರ್ಕಿನ ಒಳಹೋಗುವ ಬಾಗಿಲಿನಲ್ಲಿ ಇರದೆ ಹೊರಬರುವ ಬಾಗಿಲಿನಲ್ಲಿ ಏಕಿರುತ್ತದೆ ಎಂಬುದು ನನಗೆ ಹೊಳೆದದ್ದು ರಾತ್ರಿ ರೈಲು ಹತ್ತಿದ ಮೇಲೆ.

ಆ ಹುಡುಗನ ಲೆಕ್ಕದಲ್ಲಿ ಸುಳ್ಳಿರಲಿಲ್ಲ, ಆದರೆ ಅದು ಬೆಂಗಳೂರಿನವರ ಲೆಕ್ಕವಾಗಿತ್ತು. ಕುಮಟಾದಿಂದ ಬೆಂಗಳೂರಿಗೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಸಂಜೆ ಕಾರವಾರದಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಬೆಂಗಳೂರು. ಇಲ್ಲವೇ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಸಾಗರ, ಶಿವಮೊಗ್ಗ, ತುಮಕೂರಿನ ಮೇಲೆ ಕಾರಿನಲ್ಲಿ ಒಂದು ಇಡೀ ದಿನ. ಶಿರಸಿಯವರಿಗೆ ಊರಲ್ಲಿ ರೈಲೇ ಇಲ್ಲ. ರಾತ್ರಿ ಬಸ್ಸು ಹಿಡಿಯಬೇಕು, ಇಲ್ಲವೇ ತಾಳಗುಪ್ಪಕ್ಕೋ ಹಾವೇರಿಗೋ ಹೋಗಿ ರೈಲು ಹತ್ತಬೇಕು. ನಾವು ನಾಲ್ವರು ರೈಲಿನಲ್ಲಿ ಹೋಗಿ ಬಂದು, ನಿಲ್ದಾಣದಿಂದ ತಂಗಿಯ ಮನೆಗೆ, ಅಲ್ಲಿಂದ ಪಾರ್ಕಿಗೆ ಟ್ಯಾಕ್ಸಿ ಮಾಡಿದರೆ ಒಂದು ಸಲಕ್ಕೆ ಸುಮಾರು 5,000 ರೂಪಾಯಿ ಆಗುತ್ತದೆ. ಉಳಿಯಲು ತಂಗಿಯ ಮನೆ ಇರುವುದರಿಂದ ಲಾಡ್ಜಿನ ಖರ್ಚಿಲ್ಲ; ಇಲ್ಲದವರು ಅದನ್ನೂ ಕೂಡಿಸಿಕೊಳ್ಳಬೇಕು. ಪ್ರವೇಶಕ್ಕೆ ಎಷ್ಟೋ ದಾರಿಗೂ ಅಷ್ಟೇ ಎಂದಾಗ, ಪ್ರವೇಶದ ಬೆಲೆಯನ್ನು ಮಾತ್ರ ಇಳಿಸುವ ಪಾಸು ನಮ್ಮ ಖರ್ಚಿನ ಅರ್ಧವನ್ನು ಮುಟ್ಟುವುದೇ ಇಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ನಮ್ಮಲ್ಲಿ ಹೇಳುವುದು ಇದಕ್ಕೇ.

ಇನ್ನು ವರ್ಷದಲ್ಲಿ ಎಷ್ಟು ದಿನ ನಿಜವಾಗಿ ಹೋಗಲು ಸಾಧ್ಯ ಎಂಬುದನ್ನು ನೋಡಬೇಕು. ಪಾಸಿನ ಮೇಲೆ 365 ದಿನ ಎಂದು ಅಚ್ಚಾಗಿದ್ದರೂ ಶಾಲೆಗೆ ಹೋಗುವ ಮಕ್ಕಳಿರುವ ಕರಾವಳಿಯ ಮನೆಗೆ ಅದು ಹೇಗೆ ಕರಗುತ್ತದೆ ಎಂಬುದನ್ನು ನಾನು ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತ ನೋಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರದಾಚೆ ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ಘಟ್ಟದ ರೈಲುಗಳೂ ನಿಂತಿದ್ದವು. ಹೀಗಿರುವಾಗ ಜಾರುಬಂಡಿ ಆಡಿಸಲು ಮಕ್ಕಳನ್ನು ಕರೆದುಕೊಂಡು ಆಷಾಢದಲ್ಲಿ ಘಟ್ಟ ಹತ್ತುವ ಮನಸ್ಸು ಯಾರಿಗೂ ಬರುವುದಿಲ್ಲ. ಉಳಿದ ಎಂಟು ತಿಂಗಳಲ್ಲಿ ಶಾಲೆಯ ದಿನಗಳನ್ನು ತೆಗೆದರೆ ಕೈಯಲ್ಲಿ ಉಳಿಯುವುದು ದಸರಾ ರಜೆ, ಕ್ರಿಸ್‌ಮಸ್ ವಾರ, ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆ. ಒಂದು ಭಾನುವಾರಕ್ಕೆಂದು ಎರಡು ರಾತ್ರಿ ರೈಲಿನಲ್ಲಿ ಮಲಗಿ ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವುದನ್ನು ಒಮ್ಮೆ ಯೋಚಿಸಿದ್ದೆವು, ಮಗಳೇ ಬೇಡವೆಂದಳು.

ಪಾಸು ನಡೆಯದ ದಿನಗಳು ಇರುವುದು ಸರಿಯಾಗಿ ಅದೇ ರಜೆಗಳಲ್ಲಿ. ದಸರೆಯ ಹಬ್ಬದ ದಿನಗಳು, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಬೇಸಿಗೆಯ ಶನಿವಾರ ಭಾನುವಾರಗಳು ಪಾಸಿನವರಿಗೆ ಮುಚ್ಚಿವೆ ಎಂಬ ಷರತ್ತು ನಮಗೆ ಕೊಟ್ಟ ರಸೀದಿಯ ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಹುಬ್ಬು ಗಂಟಿಕ್ಕಿ ಓದಬೇಕಾದ ಅಕ್ಷರಗಳಲ್ಲಿತ್ತು. ಕೌಂಟರಿನಲ್ಲಿ ಅದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಕೇಳಬೇಕೆಂದು ನಮಗೂ ತೋಚಲಿಲ್ಲ. ಡಿಸೆಂಬರ್‌ನಲ್ಲಿ ರೈಲಿನ ಟಿಕೆಟ್ ಕಾದಿರಿಸಿದ ಮೇಲೆ, ಪಾರ್ಕಿನ ಆ್ಯಪ್‌ನಲ್ಲಿ ದಿನ ನಮೂದಿಸಲು ಹೋದಾಗ ಇಡೀ ವಾರ ಬೂದುಬಣ್ಣದಲ್ಲಿರುವುದನ್ನು ನೋಡಿ ವಿಷಯ ಗೊತ್ತಾಯಿತು. ರೈಲಿನ ಟಿಕೆಟ್ ರದ್ದು ಮಾಡಿ ಸ್ವಲ್ಪ ಹಣ ಕಳೆದುಕೊಂಡೆವು. ಮುಚ್ಚಿದ ದಿನಗಳ ಪಟ್ಟಿಯನ್ನು ಮೊದಲು ಓದಿ, ಬೆಲೆಯನ್ನು ಆಮೇಲೆ ಓದಿ ಎಂದು ನಾನು ಹೇಳುವುದು ಈ ಪೆಟ್ಟಿನಿಂದಾಗಿ.

ಈ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ತನ್ನ ಹಳೆಯ ವಾರ್ಷಿಕ ಪಾಸುಗಳನ್ನು ಕೋವಿಡ್ ಕಾಲದಲ್ಲಿ ನಿಲ್ಲಿಸಿ, 2021ರಲ್ಲಿ ಮ್ಯಾಜಿಕ್ ಕೀ ಎಂಬ ಹೆಸರಿನಲ್ಲಿ ನಾಲ್ಕು ದರ್ಜೆಯ ಹೊಸ ಪಾಸುಗಳನ್ನು ತಂದಿತು. ಅವುಗಳಲ್ಲಿ 1,399 ಡಾಲರ್ ಬೆಲೆಯ ಅತಿ ದುಬಾರಿ ಪಾಸಿಗೆ ಮುಚ್ಚಿದ ದಿನಗಳೇ ಇಲ್ಲ ಎಂದು ಹೇಳಲಾಗಿತ್ತು. ಆದರೆ ಹೋಗುವ ದಿನವನ್ನು ಮುಂಚಿತವಾಗಿ ಕಾದಿರಿಸಬೇಕಿತ್ತು. ಬಿಡಿ ಟಿಕೆಟ್ ಕೊಳ್ಳುವವರಿಗೆ ಜಾಗವಿದ್ದ ದಿನಗಳಲ್ಲೂ ತನಗೆ ಕಾದಿರಿಸಲು ಆಗಲಿಲ್ಲ ಎಂದು ಪಾಸು ಪಡೆದ ಒಬ್ಬರು ನ್ಯಾಯಾಲಯಕ್ಕೆ ಹೋದರು, ಅದು ಆ ದರ್ಜೆಯ ಎಲ್ಲ ಪಾಸುದಾರರ ಪರವಾದ ಮೊಕದ್ದಮೆಯಾಯಿತು, ಕೊನೆಗೆ ಕಂಪನಿ 95 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪಾಸು ಕೊಂಡವನು ಹಣವನ್ನು ಮೊದಲೇ ಕೊಟ್ಟಿರುತ್ತಾನೆ. ಬಾಗಿಲಲ್ಲಿ ಹೊಸದಾಗಿ ಹಣ ಕೊಡುವವನು ಕಾಯುತ್ತಿರುವ ದಿನ ಯಾರಿಗೆ ಆದ್ಯತೆ ಸಿಗುತ್ತದೆ ಎಂಬುದನ್ನು ಊಹಿಸಲು ವ್ಯಾಪಾರಿಯೇ ಆಗಬೇಕಿಲ್ಲ.

ಇಷ್ಟಾದರೂ ನಾವು ವರ್ಷದಲ್ಲಿ ಮೂರು ಸಲ ಹೋದೆವು. ಮೇ ತಿಂಗಳಲ್ಲಿ ತಂಗಿಯ ಮನೆಗೆ ಹೋದಾಗ ಒಮ್ಮೆ, ಅಕ್ಟೋಬರಿನಲ್ಲಿ ಹಬ್ಬದ ದಿನಗಳನ್ನು ತಪ್ಪಿಸಿ ಪಾಸಿಗಾಗಿಯೇ ಒಮ್ಮೆ, ಫೆಬ್ರುವರಿಯಲ್ಲಿ ಸಂಬಂಧಿಕರ ಮದುವೆಗೆ ಹೋದಾಗ ಮತ್ತೊಮ್ಮೆ. ಮೂರು ಸಲದ ಟಿಕೆಟ್ಟಿನ ಬೆಲೆ 15,000, ನಾವು ಕೊಟ್ಟದ್ದು 14,000. ಕೌಂಟರಿನ ಹುಡುಗನ ಲೆಕ್ಕದಲ್ಲಿ ನಾವು ಸಾವಿರ ರೂಪಾಯಿ ಗೆದ್ದವರು. ಕಾಗದದ ಮೇಲೆ ಬರೆದು ನೋಡಿದಾಗ ಬೇರೆಯದೇ ಕಂಡಿತು. ಮೇ ಮತ್ತು ಫೆಬ್ರುವರಿಯ ಪ್ರಯಾಣಗಳು ಪಾಸು ಇಲ್ಲದಿದ್ದರೂ ಆಗುತ್ತಿದ್ದವು, ಆ ಎರಡು ದಿನ ಬಿಡಿ ಟಿಕೆಟ್ ಕೊಂಡಿದ್ದರೆ 10,000ದಲ್ಲಿ ಮುಗಿಯುತ್ತಿತ್ತು. ಅಕ್ಟೋಬರಿನ ಪ್ರಯಾಣ ಮಾತ್ರ ಪಾಸು ಹುಟ್ಟಿಸಿದ ಪ್ರಯಾಣ. ಪಾಸಿಗೆ ಹೆಚ್ಚಾಗಿ ಕೊಟ್ಟ 4,000, ದಾರಿಯ 5,000, ಆ ದಿನದ ಊಟ, ಲಾಕರ್, ಬಾಡಿಗೆ ಈಜುಡುಪುಗಳಿಗೆಂದು ಹೋದ 2,500 ಸೇರಿಸಿದರೆ, ಹೇಗೂ ಹಣ ಕೊಟ್ಟಾಗಿದೆ, ಹೋಗದಿದ್ದರೆ ನಷ್ಟ ಎಂದುಕೊಂಡು ನಾವು ಪುಕ್ಕಟೆಯಾಗಿ ಕಳೆದ ಆ ಒಂದು ದಿನಕ್ಕೆ ಬಿದ್ದದ್ದು 11,500 ರೂಪಾಯಿ. ಬಿಡಿ ಟಿಕೆಟ್ಟಿನ ಎರಡು ದಿನಕ್ಕಿಂತ ಅದು ದುಬಾರಿ. ಈ ಸಂಖ್ಯೆಯನ್ನು ನಾನು ಎರಡು ಸಲ ಕೂಡಿಸಿ ನೋಡಿದೆ, ಹೆಂಡತಿ ಮೂರನೆಯ ಸಲ ಕೂಡಿಸಿದಳು.

ಒಳಗಿನ ಖರ್ಚುಗಳ ಬಗ್ಗೆ ಒಂದು ಮಾತು. ಪಾಸು ಬಾಗಿಲು ದಾಟಿಸುತ್ತದೆ, ಅಷ್ಟೇ. ಹತ್ತಿಬಟ್ಟೆ ತೊಟ್ಟು ನೀರಿನ ಆಟಗಳಿಗೆ ಇಳಿಯುವಂತಿಲ್ಲ, ನೈಲಾನ್ ಉಡುಪು ಬೇಕು. ಸಾಮಾನು ಇಡಲು ಲಾಕರ್ ಬೇಕು. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಮೊದಲ ಸಲ ಈ ನಿಯಮ ತಿಳಿಯದೆ, ಬೆಳಿಗ್ಗೆ ತಂಗಿ ಕಟ್ಟಿಕೊಟ್ಟ ಬನ್ಸಿನ ಡಬ್ಬಿಯನ್ನು ಭದ್ರತಾ ಸಿಬ್ಬಂದಿಯ ಮುಂದೆಯೇ ನಿಂತು ಖಾಲಿ ಮಾಡಿದ್ದೆವು. ಅವರು ತಾಳ್ಮೆಯಿಂದ ಕಾದರು, ಕೊನೆಯ ಒಂದನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲದಿಂದ ಉಡುಪುಗಳನ್ನು ಕುಮಟಾ ಪೇಟೆಯಲ್ಲೇ ಕೊಂಡು ಒಯ್ಯಬಹುದಿತ್ತು. ಅದನ್ನೂ ಮರೆತು ಅಕ್ಟೋಬರಿನಲ್ಲಿ ಮತ್ತೆ ಬಾಡಿಗೆ ಕೊಟ್ಟದ್ದು ನಮ್ಮದೇ ತಪ್ಪು.

ಪಾಸಿನ ನಿಜವಾದ ಸುಖ ಏನೆಂಬುದನ್ನು ನಾನು ತಿಳಿದದ್ದು ತಂಗಿಯ ಮನೆಯವರನ್ನು ನೋಡಿ. ಅವಳ ಮನೆಯಿಂದ ಪಾರ್ಕಿಗೆ ಮುಕ್ಕಾಲು ಗಂಟೆಯ ದಾರಿ, ಅವರಿಗೂ ಅದೇ ಪಾಸಿದೆ. ಅವರು ವಾರದ ನಡುವಿನ ಸ್ಥಳೀಯ ರಜೆಯ ದಿನ ಮನೆಯಲ್ಲೇ ಊಟ ಮುಗಿಸಿ ಎರಡು ಗಂಟೆಗೆ ಹೋಗಿ, ಮಕ್ಕಳಿಗೆ ಇಷ್ಟವಾದ ಎರಡು ಮೂರು ಆಟ ಆಡಿಸಿ, ಸಾಲು ಉದ್ದವಾಗಿದ್ದರೆ ಇನ್ನೊಂದು ದಿನ ಬಂದರಾಯಿತು ಎಂದು ಐದಕ್ಕೆ ಹಿಂದಿರುಗುತ್ತಾರೆ. ಒಳಗೆ ಏನನ್ನೂ ಕೊಳ್ಳುವುದಿಲ್ಲ. ನಾವಾದರೋ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತು, ಅಷ್ಟು ದೂರದಿಂದ ಬಂದದ್ದಕ್ಕೆ ಒಂದು ಆಟವೂ ತಪ್ಪಬಾರದೆಂದು ನಕ್ಷೆ ಹಿಡಿದು ಓಡಾಡಿ, ಮಧ್ಯಾಹ್ನದ ಹೊತ್ತಿಗೆ ಅಳುವ ಮಗನನ್ನು ಸಮಾಧಾನ ಮಾಡಿ, ಕೊನೆಯ ಗಂಟೆ ಬಾರಿಸುವವರೆಗೆ ಹೊರಬರುವವರಲ್ಲ. ಅವಸರವಿಲ್ಲದೆ ಹೋಗಿ ಅರ್ಧದಲ್ಲಿ ಎದ್ದು ಬರುವ ಸ್ವಾತಂತ್ರ್ಯಕ್ಕೆ ಪಾಸಿನವನು ಹಣ ಕೊಡುತ್ತಾನೆ. ಆ ಸ್ವಾತಂತ್ರ್ಯ ಘಟ್ಟ ಇಳಿದು ಕರಾವಳಿಗೆ ಬರುವುದಿಲ್ಲ. ನಮ್ಮ ಕೈಯಲ್ಲಿ ಪಾಸು ಎಂಬುದು ಮೂರು ಸಲ ಹರಿದ ಒಂದು ದಿನದ ಟಿಕೆಟ್ಟು ಮಾತ್ರವಾಗಿತ್ತು. ತಂಗಿ ಈ ವರ್ಷ ನವೀಕರಿಸಿದ್ದಾಳೆ, ನವೀಕರಿಸು ಎಂದು ನಾನೇ ಹೇಳಿದೆ.

ಹಾಗೆಂದು ಪಾಸು ಎಂಬುದರ ಮೇಲೆಯೇ ನನಗೆ ಸಿಟ್ಟಿಲ್ಲ. ರಾಷ್ಟ್ರೀಯ ಹೆದ್ದಾರಿಗಳಿಗೆಂದು 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸನ್ನು, ಆರಂಭದಲ್ಲಿ 3,000 ರೂಪಾಯಿ ಇದ್ದಾಗ, ನಮ್ಮ ಕಾರಿಗೂ ಮಾಡಿಸಿದ್ದೇನೆ. ಒಂದು ವರ್ಷ ಅಥವಾ 200 ದಾಟುವಿಕೆ, ಯಾವುದು ಮೊದಲೋ ಅಲ್ಲಿಯವರೆಗೆ ಅದು ನಡೆಯುತ್ತದೆ. ಅಂದರೆ ಒಂದು ಟೋಲ್ ದಾಟಲು ಹದಿನೈದು ರೂಪಾಯಿ. ಕುಮಟಾದಿಂದ ಹೊನ್ನಾವರಕ್ಕೋ ಭಟ್ಕಳಕ್ಕೋ ಹೋಗುವಾಗ ಹೊಳೆಗದ್ದೆಯ ಟೋಲ್, ಅಂಕೋಲಾ ದಾಟಿ ಕಾರವಾರಕ್ಕೆ ಹೋಗುವಾಗ ಹಟ್ಟಿಕೇರಿಯ ಟೋಲ್ ಹೇಗೂ ಎದುರಾಗುವುದರಿಂದ, ಪಾಸಿನ ಸಲುವಾಗಿ ನಾನು ಒಂದು ಕಿಲೋಮೀಟರನ್ನೂ ಹೆಚ್ಚಾಗಿ ಓಡಿಸಿಲ್ಲ. ದಿನವೂ ಹೊನ್ನಾವರಕ್ಕೆ ಕೆಲಸಕ್ಕೆ ಹೋಗಿಬರುವ ನನ್ನ ಸ್ನೇಹಿತನಿಗಾದರೆ 200 ದಾಟುವಿಕೆ ನಾಲ್ಕೇ ತಿಂಗಳಲ್ಲಿ ಮುಗಿದುಹೋಗುತ್ತದೆ, ಅವನಿಗೆ ಟೋಲಿನಿಂದ 20 ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಕೊಡುವ ತಿಂಗಳ ಪಾಸೇ ಮೇಲು. ಹೇಗೂ ನಡೆಯುವ ಓಡಾಟಕ್ಕೆ ಕೊಂಡ ಪಾಸು ಹಣ ಉಳಿಸುತ್ತದೆ, ಇಲ್ಲದ ಓಡಾಟವನ್ನು ಹುಟ್ಟಿಸುವ ಪಾಸು ಹಣ ತಿನ್ನುತ್ತದೆ ಎಂಬ ನನ್ನ ಅಭಿಪ್ರಾಯ ಈ ಎರಡನ್ನೂ ಒಂದೇ ವರ್ಷ ಬಳಸಿ ಬಂದದ್ದು.

ಮಗಳನ್ನು ಹಾಸ್ಟೆಲಿನಲ್ಲಿಟ್ಟು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವವರು, ಅಲ್ಲಿಯ ಆಸ್ಪತ್ರೆಗೆ ತಪಾಸಣೆಗೆಂದು ಹಿರಿಯರನ್ನು ಆಗಾಗ ಕರೆದೊಯ್ಯುವವರು, ವ್ಯಾಪಾರಕ್ಕೆ ಓಡಾಡುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಅಂಥವರ ದಾರಿ ಖರ್ಚು ಬೇರೆ ಲೆಕ್ಕಕ್ಕೆ ಸೇರಿರುವುದರಿಂದ ಅವರು ಪಾಸು ಕೊಂಡರೆ ತಪ್ಪಿಲ್ಲ. ಆದರೆ ವರ್ಷದಲ್ಲಿ ಮೂರು ಪ್ರಯಾಣಗಳು ಈಗಾಗಲೇ ಖಚಿತವಾಗಿರಬೇಕು, ಅವು ಮುಚ್ಚಿದ ದಿನಗಳಲ್ಲಿ ಇರಬಾರದು, ಮಕ್ಕಳೂ ಜೊತೆಗೆ ಬರುವಂತಿರಬೇಕು. ಮೂರನ್ನೂ ಕೂಡಿಸಿ ನೋಡಿದರೆ ನನ್ನ ಪರಿಚಯದಲ್ಲಿ ಒಂದೇ ಒಂದು ಮನೆ ಉಳಿಯಿತು.

ನೀರಿನ ಆಟಗಳ ಬಗ್ಗೆ ಕರಾವಳಿಯವನಾಗಿ ಎರಡು ಮಾತು ಬರೆಯದೆ ಇರಲಾರೆ. ಸಮುದ್ರದ ಸದ್ದು ಕೇಳುತ್ತ ಬೆಳೆದ ಮಕ್ಕಳಿಗೆ ಅಲೆಯ ಕೊಳದ ಮುಂದೆ ನಿಂತಾಗ ಮೊದಲು ಬಂದದ್ದು ನಗು. ಸೈರನ್ ಕೂಗಿದ ಮೇಲೆ ಏಳುವ ಅಲೆಯನ್ನು ಮಗ ಬಹಳ ಹೊತ್ತು ತಮಾಷೆ ಮಾಡಿದ. ಆದರೆ ನಮ್ಮ ಕಡಲಿನಲ್ಲಿ ಮಳೆಗಾಲವಿಡೀ ನೀರಿಗಿಳಿಯುವಂತಿಲ್ಲ, ಉಳಿದ ಕಾಲದಲ್ಲೂ ಗೋಕರ್ಣ, ಮುರ್ಡೇಶ್ವರದ ತೀರಗಳಲ್ಲಿ ಮಕ್ಕಳ ಕೈ ಬಿಟ್ಟು ನಿಲ್ಲುವ ಧೈರ್ಯ ಯಾವ ತಂದೆತಾಯಿಗೂ ಇರುವುದಿಲ್ಲ. ಆ ಕೊಳದ ಅಂಚಿನಲ್ಲಿ ನಾನು ಮೊದಲ ಬಾರಿಗೆ ಮಕ್ಕಳನ್ನು ನೀರಿಗೆ ಬಿಟ್ಟು ಕುರ್ಚಿಯಲ್ಲಿ ಕುಳಿತದ್ದು ನಿಜ. ಆ ನೆಮ್ಮದಿಗೆ ಬೆಲೆಯಿದೆ. ಬೆಂಗಳೂರಿನ ಚಳಿಯ ಬಗ್ಗೆಯೂ ಎಚ್ಚರವಿರಲಿ, ಫೆಬ್ರುವರಿಯಲ್ಲೂ ಬೆಳಗಿನ ನೀರು ನಮ್ಮ ಮಕ್ಕಳಿಗೆ ಹಲ್ಲು ಕಡಿಸಿತು.

ಮನೆಯಲ್ಲಿ ನವೀಕರಣದ ಪರವಾಗಿ ಇರುವವನು ಮಗನೊಬ್ಬನೇ, ಅವನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ದೊಡ್ಡ ಯಂತ್ರದ ಆಟಗಳಿಗೆ ಅಲ್ಲಿ 140 ಸೆಂಟಿಮೀಟರ್ ಎತ್ತರ ಬೇಕು. ಪಾಸು ಕೊಂಡಾಗ ಅವನು 134 ಇದ್ದ, ಫೆಬ್ರುವರಿಯಲ್ಲಿ ಅಳತೆಪಟ್ಟಿಯ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಂತರೂ ಒಂದು ಸೆಂಟಿಮೀಟರ್ ಕಡಿಮೆ ಬಿತ್ತು. ವರ್ಷವಿಡೀ ಅಕ್ಕ ಏರಿದ ಆಟಗಳನ್ನು ಅವನು ಕೆಳಗೆ ನಿಂತು ನೋಡಿದ್ದಾನೆ. ಆ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ ಎಂಬುದನ್ನು ಕೊಳ್ಳುವ ಮೊದಲು ಯೋಚಿಸಿದ್ದರೆ ಒಂದು ವರ್ಷ ತಡೆಯುತ್ತಿದ್ದೆವು. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲು ಏರಿದರೆ ತೊಟ್ಟಿಲಿನ ಹಣ ಮಾತ್ರ ಕೊಡುತ್ತೇವೆ, ನಿಂತು ನೋಡುವವನಿಂದ ಯಾರೂ ಕಾಸು ಕೇಳುವುದಿಲ್ಲ. ಒಟ್ಟು ಬೆಲೆ ತೆಗೆದುಕೊಳ್ಳುವ ಪಾರ್ಕಿನಲ್ಲಿ ನೋಡುವುದಕ್ಕೂ 2,900 ಕೊಟ್ಟಂತಾಯಿತು. ಎತ್ತರ ಸಾಲದ ಮಕ್ಕಳಿರುವವರು ಈ ಒಂದು ಕಾರಣಕ್ಕೇ ತಡೆಯಬಹುದು.

ನವೀಕರಣದ ಸಂದೇಶಕ್ಕೆ ಬೇಡ ಎಂದು ಉತ್ತರಿಸಿದ್ದೇನೆ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಮಗ ಪ್ರತಿ ತಿಂಗಳು ಒಂದನೆಯ ತಾರೀಖು ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಿದ್ದಾನೆ. ಕಳೆದ ಗೆರೆ 140ರ ಮೇಲೆ ಕೂದಲೆಳೆಯಷ್ಟಿದೆ ಎಂದು ಅವನು ವಾದಿಸುತ್ತಾನೆ, ಕೆಳಗಿದೆ ಎಂದು ಅಕ್ಕ ಹೇಳುತ್ತಾಳೆ. ದಸರಾ ರಜೆಯಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೇಗೂ ಬೆಂಗಳೂರಿಗೆ ಹೋಗಬೇಕಾಗಿದೆ. ಹಬ್ಬದ ದಿನಗಳನ್ನು ಬಿಟ್ಟು ಒಂದು ಬುಧವಾರಕ್ಕೆ ನಾಲ್ಕು ಬಿಡಿ ಟಿಕೆಟ್ ಕೊಳ್ಳುತ್ತೇವೆ; ಈ ಸಲ ನಾಲ್ಕೂ ದೊಡ್ಡವರದ್ದು.